ಸಣ್ಣ ಕ್ಲಿನಿಕ್ಕಿನ ವೆಬ್‌ಸೈಟ್: ಹಣ ಎಲ್ಲಿ ಹಾಕಬೇಕು, ಎಲ್ಲಿ ಹಾಕಬಾರದು

ತಾಲ್ಲೂಕು ಊರುಗಳಲ್ಲಿ ಸ್ವಂತ ಕ್ಲಿನಿಕ್ ನಡೆಸುವ ವೈದ್ಯರು, ದಂತವೈದ್ಯರು ಮತ್ತು ಫಿಸಿಯೋಥೆರಪಿಸ್ಟರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ

ಎಲ್ಲರಿಗೂ ನಮಸ್ಕಾರ.

ವೆಬ್‌ಸೈಟ್ ಮಾಡಿಸುವುದಕ್ಕೆ ಮುಂಚೆ ಒಂದು ಕೆಲಸ ಇದೆ. ಅದಕ್ಕೆ ಕಂಪ್ಯೂಟರ್ ಬೇಡ. ರಿಸೆಪ್ಷನ್ ಮೇಜಿನ ಮೇಲೆ ಒಂದು ನೋಟ್‌ಪುಸ್ತಕ ಇಡಿ. ಒಂದು ವಾರದ ಮಟ್ಟಿಗೆ, ಬಂದ ಪ್ರತಿ ಫೋನಿನಲ್ಲೂ ಕೇಳಿದ ಮೊದಲ ಪ್ರಶ್ನೆ ಏನು ಎಂದು ಬರೆದಿಡಲು ಸಿಬ್ಬಂದಿಗೆ ಹೇಳಿ. ವಾರದ ಕೊನೆಗೆ ಪುಟ ತಿರುವಿದರೆ ಅದೇ ಪ್ರಶ್ನೆಗಳು ಮತ್ತೆ ಮತ್ತೆ ಕಾಣುತ್ತವೆ. "ಡಾಕ್ಟ್ರು ಇದಾರಾ?" "ಎಷ್ಟು ಗಂಟೆವರೆಗೆ ಇರ್ತಾರೆ?" "ಭಾನುವಾರ ತೆಗೆದಿರುತ್ತಾ?" "ಬಸ್ ಸ್ಟ್ಯಾಂಡಿಂದ ಎಷ್ಟು ದೂರ?" "ಫೀಸು ಎಷ್ಟು?" "ಟೋಕನ್ ಫೋನಲ್ಲೇ ಕೊಡ್ತೀರಾ?" "ಖಾಲಿ ಹೊಟ್ಟೇಲಿ ಬರಬೇಕಾ?" "ಹಳೇ ರಿಪೋರ್ಟು ತರಬೇಕಾ?"

ನಿಮ್ಮ ವೆಬ್‌ಸೈಟಿನ ಕೆಲಸ ಈ ಪ್ರಶ್ನೆಗಳಿಗೆ ತಪ್ಪಿಲ್ಲದೆ, ಕನ್ನಡದಲ್ಲಿ, ಅಗ್ಗದ ಫೋನಿನಲ್ಲೂ ಎರಡು ಮೂರು ಸೆಕೆಂಡಿನಲ್ಲಿ ಉತ್ತರ ಕೊಡುವುದು. ಜಾರುವ ಚಿತ್ರಗಳು, ಸ್ಟೆತಾಸ್ಕೋಪ್ ಹಿಡಿದು ನಗುವ ವಿದೇಶಿ ಡಾಕ್ಟರ ಫೋಟೋ, "ನಮ್ಮ ಧ್ಯೇಯ ಮತ್ತು ದೂರದೃಷ್ಟಿ" ಎಂಬ ಪುಟ, ಇವುಗಳಲ್ಲಿ ಯಾವುದನ್ನೂ ಯಾವ ರೋಗಿಯೂ ಫೋನ್ ಮಾಡಿ ಕೇಳಿಲ್ಲ. ಇವುಗಳಿಗೆ ಹಣ ಹಾಕಬೇಡಿ.

ಇನ್ನೊಂದು ವಿಷಯ. ಈ ಪುಟವನ್ನು ತೆರೆಯುವವರು ಅನೇಕ ಸಲ ರೋಗಿಯೇ ಅಲ್ಲ. ಹಳ್ಳಿಯಲ್ಲಿರುವ ತಾಯಿಗೆ ಮಂಡಿ ನೋವು ಬಂದರೆ ಹುಡುಕುವವನು ಬೆಂಗಳೂರಿನಲ್ಲೋ ದುಬೈಯಲ್ಲೋ ಇರುವ ಮಗ. ಅವನು ಹುಡುಕಿ, ಲಿಂಕನ್ನು ವಾಟ್ಸ್‌ಆ್ಯಪ್‌ನಲ್ಲಿ ತಮ್ಮನಿಗೋ ಪಕ್ಕದ ಮನೆಯ ಹುಡುಗನಿಗೋ ಕಳಿಸುತ್ತಾನೆ. ಹಾಗಾಗಿ ಪುಟ ಎರಡು ಭಾಷೆಯಲ್ಲಿ ಇರಬೇಕು, ಕನ್ನಡ ಮೊದಲು, ಇಂಗ್ಲಿಷ್ ಪಕ್ಕದಲ್ಲಿ. ಲಿಂಕ್ ಕಳಿಸಿದಾಗ ಕಾಣುವ ಸಣ್ಣ ಚೌಕದಲ್ಲಿ ಕ್ಲಿನಿಕ್ಕಿನ ಹೆಸರು, ಊರು ಮತ್ತು ಬೋರ್ಡಿನ ಫೋಟೋ ಬರಬೇಕು. ಇದಕ್ಕೆ ಓಪನ್ ಗ್ರಾಫ್ ಎಂಬ ಮೂರು ನಾಲ್ಕು ಸಾಲು ಕೋಡ್ ಸಾಕು. ಚಿತ್ರ 1200 ಪಿಕ್ಸೆಲ್ ಅಗಲ, 630 ಎತ್ತರ ಇರಲಿ, ಗಾತ್ರ 300 ಕೆಬಿ ಮೀರದಿರಲಿ. ಮಾಡಿಕೊಡುವವರು ಇದನ್ನು ಮರೆಯುವುದು ಸಾಮಾನ್ಯ, ನೀವೇ ಕೇಳಿ ಹಾಕಿಸಿ.

ಮೊದಲು ಗೂಗಲ್ ಪ್ರೊಫೈಲ್, ಆಮೇಲೆ ವೆಬ್‌ಸೈಟ್

ಬಜೆಟ್ ಸೊನ್ನೆ ಇದ್ದರೂ ಮಾಡಬಹುದಾದದ್ದು, ಮಾಡಲೇಬೇಕಾದದ್ದು, ಗೂಗಲ್ ಬಿಸಿನೆಸ್ ಪ್ರೊಫೈಲ್. ಮ್ಯಾಪಿನಲ್ಲಿ ನಿಮ್ಮ ಹೆಸರು, ಸಮಯ, ಫೋನ್ ಕಾಣುವುದು ಇದರಿಂದ. ಗೂಗಲ್ ಇದಕ್ಕೆ ಹಣ ತೆಗೆದುಕೊಳ್ಳುವುದಿಲ್ಲ. "ನಿಮ್ಮ ಲಿಸ್ಟಿಂಗ್ ನಾಳೆ ನಿಂತುಹೋಗುತ್ತದೆ, ಇಷ್ಟು ಕಟ್ಟಿ" ಎಂದು ಯಾರಾದರೂ ಫೋನ್ ಮಾಡಿದರೆ ಅದು ಮೋಸ, ಅಲ್ಲಿಗೇ ಫೋನ್ ಇಡಿ.

ಪರಿಶೀಲನೆಗೆ ಈಗ ಹೆಚ್ಚಾಗಿ ವಿಡಿಯೋ ಕೇಳುತ್ತಾರೆ. ಮಧ್ಯೆ ನಿಲ್ಲಿಸದೆ ಒಂದೇ ಓಟದಲ್ಲಿ ಮೂರು ಸಂಗತಿ ತೋರಿಸಬೇಕು: ರಸ್ತೆ ಮತ್ತು ಅಕ್ಕಪಕ್ಕದ ಅಂಗಡಿಗಳ ಜೊತೆ ನಿಮ್ಮ ಬೋರ್ಡು, ಒಳಗಿನ ಸಲಕರಣೆಗಳು, ಈ ಜಾಗ ನಿಮ್ಮ ಕೈಯಲ್ಲೇ ಇದೆ ಎಂಬುದಕ್ಕೆ ಗುರುತು. ಶಟರಿನ ಬೀಗ ತೆಗೆಯುವುದನ್ನು ತೋರಿಸಿದರೆ ಕೊನೆಯದು ಮುಗಿಯಿತು. ರೋಗಿಗಳು ಇಲ್ಲದ ಹೊತ್ತಿನಲ್ಲಿ, ಬೆಳಿಗ್ಗೆ ಬಾಗಿಲು ತೆಗೆಯುವಾಗಲೇ ಮಾಡಿ. ಯಾರ ಮುಖವೂ, ಯಾರ ಚೀಟಿಯೂ ವಿಡಿಯೋದಲ್ಲಿ ಬರಬಾರದು.

ಹೆಸರು ಬೋರ್ಡಿನಲ್ಲಿ ಇದ್ದ ಹಾಗೆಯೇ ಇರಲಿ. "ಬೆಸ್ಟ್ ಚೈಲ್ಡ್ ಸ್ಪೆಷಲಿಸ್ಟ್" ಎಂದು ಬಾಲ ಸೇರಿಸಿದರೆ ಗೂಗಲ್ ನಿಯಮದ ಪ್ರಕಾರ ಪ್ರೊಫೈಲೇ ಅಮಾನತಾಗಬಹುದು. ಅದನ್ನು ವಾಪಸ್ ತರುವುದು ಹೊಸದಾಗಿ ಮಾಡುವುದಕ್ಕಿಂತ ಕಷ್ಟ. ಒಬ್ಬರೇ ಡಾಕ್ಟರು ಇರುವ ಕಡೆ ಡಾಕ್ಟರ ಹೆಸರಿನಲ್ಲಿ ಒಂದು, ಕ್ಲಿನಿಕ್ಕಿನ ಹೆಸರಿನಲ್ಲಿ ಇನ್ನೊಂದು ಎಂದು ಎರಡು ಪ್ರೊಫೈಲ್ ಮಾಡಬೇಡಿ. ಮಾಡಿದರೆ ವಿಮರ್ಶೆಗಳು ಹರಿದು ಹಂಚಿಹೋಗುತ್ತವೆ, ಒಂದರಲ್ಲಿ ಬದಲಿಸಿದ ಸಮಯ ಇನ್ನೊಂದರಲ್ಲಿ ಹಳೆಯದೇ ಉಳಿಯುತ್ತದೆ.

ಇಲ್ಲಿ ಅತಿ ಹೆಚ್ಚು ಆಗುವ ತಪ್ಪು ಸಮಯದ್ದು. ನಮ್ಮ ಕಡೆ ಕ್ಲಿನಿಕ್ಕುಗಳು ಎರಡು ಹೊತ್ತು ನಡೆಯುತ್ತವೆ, ಬೆಳಿಗ್ಗೆ 10ರಿಂದ 1.30, ಸಂಜೆ 5ರಿಂದ 8.30 ಎನ್ನೋಣ. ಪ್ರೊಫೈಲ್ ತುಂಬುವವರು 10ರಿಂದ 8.30 ಎಂದು ಒಂದೇ ಪಟ್ಟಿಗೆ ಬರೆದುಬಿಡುತ್ತಾರೆ. ಮಧ್ಯಾಹ್ನ ಮೂರಕ್ಕೆ ಬಸ್ಸಿಳಿದವರು ಶಟರ್ ಮುಂದೆ ಎರಡು ಗಂಟೆ ಕೂರಬೇಕಾಗುತ್ತದೆ, ಊರಿಗೆ ಹೋಗುವ ಕೊನೆಯ ಬಸ್ಸು ತಪ್ಪುತ್ತದೆ. ಪ್ರತಿ ದಿನಕ್ಕೂ ಎರಡು ಅವಧಿ ಸೇರಿಸುವ ಅನುಕೂಲ ಅಲ್ಲೇ ಇದೆ, ಬಳಸಿ. ಹಬ್ಬ, ರಜೆ, ನೀವು ಊರಲ್ಲಿ ಇಲ್ಲದ ದಿನಗಳಿಗೆ ವಿಶೇಷ ಸಮಯ ಎಂಬ ಬೇರೆ ಜಾಗ ಇದೆ. ದಿನದಿನಕ್ಕೆ ಬದಲಾಗುವ ಮಾಹಿತಿಯೆಲ್ಲ ಇಲ್ಲಿರಲಿ. ವೆಬ್‌ಸೈಟಿನಲ್ಲಿ ಬದಲಾಗದ್ದು ಮಾತ್ರ ಇರಲಿ, ಜೊತೆಗೆ "ಇಂದು ಡಾಕ್ಟರು ಇದ್ದಾರೆಯೇ ನೋಡಲು" ಎಂದು ಪ್ರೊಫೈಲಿಗೆ ಒಂದು ಕೊಂಡಿ. ದಿನವೂ ವೆಬ್‌ಸೈಟ್ ತಿದ್ದುತ್ತೇವೆ ಎಂದು ಹೊರಟವರು ಎರಡನೇ ತಿಂಗಳಿಗೆ ಬಿಟ್ಟುಬಿಡುತ್ತಾರೆ. ಏಪ್ರಿಲ್‌ನ ರಜೆಯ ಸೂಚನೆ ದೀಪಾವಳಿಯಲ್ಲೂ ಅಲ್ಲೇ ಇರುತ್ತದೆ.

ವಿಮರ್ಶೆಗಳ ಬಗ್ಗೆ ಎರಡೇ ಮಾತು. ಒಳ್ಳೆಯ ವಿಮರ್ಶೆ ಬರೆದರೆ ಫೀಸಿನಲ್ಲಿ ರಿಯಾಯಿತಿ ಎನ್ನುವುದು ಗೂಗಲ್ ನಿಯಮಕ್ಕೆ ವಿರುದ್ಧ. ಕೆಟ್ಟ ವಿಮರ್ಶೆಗೆ ಉತ್ತರಿಸುವಾಗ "ನೀವು ಕಳೆದ ತಿಂಗಳು ಸಕ್ಕರೆ ಕಾಯಿಲೆಗೆ ಬಂದಾಗ" ಎಂದು ಬರೆಯಬೇಡಿ. ಅವರು ನಿಮ್ಮ ರೋಗಿ ಎಂದು ಒಪ್ಪಿಕೊಳ್ಳುವುದೇ ಗೋಪ್ಯತೆ ಮುರಿದಂತೆ. "ದಯವಿಟ್ಟು ಕ್ಲಿನಿಕ್ಕಿಗೆ ಫೋನ್ ಮಾಡಿ, ಮಾತನಾಡೋಣ" ಎಂದಷ್ಟು ಬರೆದರೆ ಸಾಕು.

ಡೊಮೇನ್ ಹೆಸರು ನಿಮ್ಮ ಕೈಯಲ್ಲೇ ಇರಲಿ

ಇಡೀ ಉಪನ್ಯಾಸದಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನು ನೆನಪಿಡಿ. ಡೊಮೇನನ್ನು, ಅಂದರೆ ವೆಬ್‌ಸೈಟಿನ ವಿಳಾಸದ ಹೆಸರನ್ನು, ನಿಮ್ಮ ಇಮೇಲ್, ನಿಮ್ಮ ಮೊಬೈಲ್, ನಿಮ್ಮ ಕಾರ್ಡು ಬಳಸಿ ನೀವೇ ಕೊಳ್ಳಿ. ವೆಬ್‌ಸೈಟ್ ಮಾಡುವ ಹುಡುಗನಿಗೆ "ನೀನೇ ಎಲ್ಲ ನೋಡ್ಕೋ" ಎಂದರೆ ಅವನು ತನ್ನ ಖಾತೆಯಲ್ಲೇ ನೋಂದಾಯಿಸುತ್ತಾನೆ. ಅದರಲ್ಲಿ ಕೆಟ್ಟ ಉದ್ದೇಶ ಇರಬೇಕೆಂದಿಲ್ಲ, ಅವನಿಗೆ ಅದು ಸುಲಭ ಅಷ್ಟೇ. ಮೂರು ವರ್ಷದ ಮೇಲೆ ಅವನು ಬೇರೆ ಕೆಲಸಕ್ಕೆ ಹೋಗಿರುತ್ತಾನೆ, ನಂಬರು ಬದಲಾಗಿರುತ್ತದೆ, ನವೀಕರಣದ ಇಮೇಲ್ ಅವನ ಹಳೆಯ ಅಂಚೆಗೆ ಹೋಗಿ ಬೀಳುತ್ತದೆ. ಅವಧಿ ಮುಗಿದ ಡೊಮೇನ್ ಕೆಲವು ವಾರ ಕಾದು ಮತ್ತೆ ಮಾರುಕಟ್ಟೆಗೆ ಬರುತ್ತದೆ. ಹಳೆಯ ಹೆಸರುಗಳನ್ನು ಕಾದು ಕೊಳ್ಳುವವರು ಇದ್ದಾರೆ. ನಿಮ್ಮ ಕ್ಲಿನಿಕ್ಕಿನ ಹೆಸರು ಒತ್ತಿದರೆ ಜೂಜಿನ ಪುಟ ತೆರೆದುಕೊಳ್ಳುವುದು ಹೀಗೆ.

ಡಾಟ್ ಇನ್ ಸಾಕು, ಇದನ್ನು ನೋಡಿಕೊಳ್ಳುವುದು ನಿಕ್ಸಿ ಎಂಬ ನಮ್ಮ ದೇಶದ್ದೇ ಸಂಸ್ಥೆ. ಕೊಳ್ಳುವುದು ಯಾವುದಾದರೂ ಅಧಿಕೃತ ರಿಜಿಸ್ಟ್ರಾರ್, ಅಂದರೆ ಡೊಮೇನ್ ಮಾರುವ ಕಂಪನಿಯ ಮೂಲಕ. ಜಾಹೀರಾತಿನ ಬೆಲೆ ಮೊದಲ ವರ್ಷದ್ದು, ನೀವು ನೋಡಬೇಕಾದದ್ದು ನವೀಕರಣದ ಬೆಲೆ. ಜಿಎಸ್‌ಟಿ ಸೇರಿ ವರ್ಷಕ್ಕೆ ಸುಮಾರು 700ರಿಂದ 1,000 ರೂಪಾಯಿ ಎಂದು ಲೆಕ್ಕ ಹಾಕಿ. ಹತ್ತು ವರ್ಷದವರೆಗೆ ಒಟ್ಟಿಗೆ ಕಟ್ಟಬಹುದು, ಐದು ವರ್ಷಕ್ಕೆ ಕಟ್ಟಿಬಿಡುವುದು ಒಳ್ಳೆಯದು. ರಿಜಿಸ್ಟ್ರಾರ್ ಬುಟ್ಟಿಗೆ ತಾನೇ ಸೇರಿಸುವ ಹೋಸ್ಟಿಂಗ್ (ಪುಟಗಳನ್ನು ಇಡುವ ಜಾಗ), ಇಮೇಲ್, ಎಸ್‌ಎಸ್‌ಎಲ್ (ಪುಟದ ಸುರಕ್ಷತೆಯ ಪ್ರಮಾಣಪತ್ರ) ಪ್ಯಾಕೇಜುಗಳ ಗುರುತು ತೆಗೆಯಿರಿ. ಎರಡು ಹಂತದ ಲಾಗಿನ್ ಹಾಕಿ, ಆಗ ಸಿಗುವ ಬ್ಯಾಕಪ್ ಕೋಡುಗಳನ್ನು ಮುದ್ರಿಸಿ ನಿಮ್ಮ ನೋಂದಣಿ ಪ್ರಮಾಣಪತ್ರ ಇರುವ ಫೈಲಿನಲ್ಲೇ ಇಡಿ.

ಹೆಸರು ಆರಿಸುವಾಗ ಫೋನಿನಲ್ಲಿ ಹೇಳಿದರೆ ಎದುರಿನವರು ಸರಿಯಾಗಿ ಟೈಪ್ ಮಾಡುತ್ತಾರೆಯೇ ಎಂದು ನೋಡಿ. ನಮ್ಮ ಹೆಸರುಗಳ ಇಂಗ್ಲಿಷ್ ಕಾಗುಣಿತ ಒಂದೇ ಥರ ಇರುವುದಿಲ್ಲ. ಲಕ್ಷ್ಮಿಯನ್ನು ಕೆಎಸ್‌ಎಚ್ ಹಾಕಿ ಬರೆಯುವವರಿದ್ದಾರೆ, ಎಕ್ಸ್ ಹಾಕುವವರೂ ಇದ್ದಾರೆ. ಶ್ರೀ ಅನ್ನು ಮೂರು ನಾಲ್ಕು ವಿಧದಲ್ಲಿ ಬರೆಯುತ್ತಾರೆ. ಗೊಂದಲ ಕೊಡದ ಪದ, ಜೊತೆಗೆ ಊರಿನ ಹೆಸರು, ಮಧ್ಯೆ ಅಡ್ಡಗೆರೆ ಇಲ್ಲ.

ಹೋಸ್ಟಿಂಗ್: ಮೂರು ದಾರಿ

ಕ್ಲಿನಿಕ್ಕಿಗೆ ಬೇಕಾದದ್ದು ನಾಲ್ಕೈದು ಪುಟ. ಅವು ವರ್ಷಕ್ಕೆ ಮೂರು ನಾಲ್ಕು ಸಲ ಬದಲಾದರೆ ಹೆಚ್ಚು. ಇದಕ್ಕೆ ಡೇಟಾಬೇಸ್ ಬೇಡ, ವರ್ಡ್‌ಪ್ರೆಸ್ ಎಂಬ ಸೈಟ್ ಕಟ್ಟುವ ತಂತ್ರಾಂಶ ಬೇಡ. ನಮ್ಮ ಸಲಹೆ ಸ್ಥಿರ ಪುಟಗಳು, ಅಂದರೆ ಬರೀ ಎಚ್‌ಟಿಎಂಎಲ್ ಮತ್ತು ಸಿಎಸ್‌ಎಸ್ ಕಡತಗಳು. ಇವನ್ನು ಕ್ಲೌಡ್‌ಫ್ಲೇರ್ ಕಂಪನಿಯ ಪೇಜಸ್ ಎಂಬ ಸೇವೆಯಲ್ಲಿ ಉಚಿತವಾಗಿ ಇಡಬಹುದು. ಕಡತಗಳ ಫೋಲ್ಡರನ್ನು ಬ್ರೌಸರಿಗೆ ಎಳೆದು ಹಾಕಿದರೆ ಪುಟ ಸಿದ್ಧ. ಒಂದು ಕಡತ 25 ಎಂಬಿ ಮೀರಬಾರದು ಎಂಬ ಮಿತಿ ಇದೆ, ನಿಮಗೆ ಅದು ಅಡ್ಡ ಬರುವುದಿಲ್ಲ. ಗಿಟ್‌ಹಬ್ ಪೇಜಸ್ ಕೂಡ ಉಚಿತ, ಆದರೆ ವ್ಯಾಪಾರ ನಡೆಸಲು ಅದನ್ನು ಬಿಟ್ಟಿ ಹೋಸ್ಟಿಂಗ್ ಮಾಡಿಕೊಳ್ಳಬಾರದು ಎಂದು ಅದರ ನಿಯಮದಲ್ಲೇ ಇರುವುದರಿಂದ ಕ್ಲಿನಿಕ್ಕಿಗೆ ಹೇಳುವುದಿಲ್ಲ.

ಡೊಮೇನನ್ನು ಇದಕ್ಕೆ ಜೋಡಿಸಲು ರಿಜಿಸ್ಟ್ರಾರ್ ಪುಟದಲ್ಲಿ ನೇಮ್‌ಸರ್ವರ್ ಎಂಬ ಕಡೆ ಕ್ಲೌಡ್‌ಫ್ಲೇರ್ ಕೊಟ್ಟ ಎರಡು ಹೆಸರು ಹಾಕಬೇಕು. ಕೆಲವು ನಿಮಿಷದಿಂದ ಒಂದು ದಿನ ಹಿಡಿಯುತ್ತದೆ. ಆ ಡೊಮೇನಿನಲ್ಲಿ ಈಗಾಗಲೇ ಇಮೇಲ್ ನಡೆಯುತ್ತಿದ್ದರೆ ಎಚ್ಚರ: ಇಮೇಲ್ ಎಲ್ಲಿಗೆ ಹೋಗಬೇಕೆಂದು ಹೇಳುವ ಎಂಎಕ್ಸ್ ದಾಖಲೆಗಳನ್ನು ಹೊಸ ಕಡೆಗೆ ನಕಲು ಮಾಡದೆ ನೇಮ್‌ಸರ್ವರ್ ಬದಲಿಸಿದರೆ ಇಮೇಲ್ ಸದ್ದಿಲ್ಲದೆ ನಿಲ್ಲುತ್ತದೆ, ಲ್ಯಾಬ್ ರಿಪೋರ್ಟು ಬರಲಿಲ್ಲ ಎಂದು ಯಾರೋ ಹೇಳುವವರೆಗೆ ಗೊತ್ತಾಗುವುದಿಲ್ಲ. ಸುರಕ್ಷಿತ ಸಂಪರ್ಕದ ಎಚ್‌ಟಿಟಿಪಿಎಸ್ ತಾನಾಗಿ ಬರುತ್ತದೆ. ಅದಿಲ್ಲದ ಪುಟಗಳಿಗೆ ಕ್ರೋಮ್ 2018ರಿಂದ "ಸುರಕ್ಷಿತವಲ್ಲ" ಎಂದು ಹಣೆಪಟ್ಟಿ ಹಚ್ಚುತ್ತಿದೆ. ಹೆಚ್ಚಿನ ಹೋಸ್ಟಿಂಗ್‌ಗಳಲ್ಲಿ ಲೆಟ್ಸ್ ಎನ್‌ಕ್ರಿಪ್ಟ್ ಪ್ರಮಾಣಪತ್ರ ಉಚಿತವಾಗಿ ಸಿಗುತ್ತದೆ. ಎಸ್‌ಎಸ್‌ಎಲ್ ಎಂದು ವರ್ಷಕ್ಕೆ ಎರಡು ಸಾವಿರದ ಬಿಲ್ ಕೊಡುವವರಿಗೆ ಇದನ್ನು ಹೇಳಿ.

ಎರಡನೆಯ ದಾರಿ ಗೂಗಲ್ ಸೈಟ್ಸ್. ಕೋಡ್ ಮುಟ್ಟಲು ಇಷ್ಟವಿಲ್ಲದವರಿಗೆ, ಯಾರೂ ಸಹಾಯಕ್ಕೆ ಇಲ್ಲದವರಿಗೆ ಇದು ಒಳ್ಳೆಯದು. ಜಿಮೇಲ್ ಖಾತೆ ಸಾಕು, ನಿಮ್ಮ ಸ್ವಂತ ಡೊಮೇನನ್ನೂ ಜೋಡಿಸಬಹುದು. ಅಂದ ಚಂದಕ್ಕೆ ಹೆಚ್ಚು ಅವಕಾಶ ಇಲ್ಲ, ಇರಬೇಕಾಗಿಯೂ ಇಲ್ಲ.

ಮೂರನೆಯದು ಎಲ್ಲರೂ ಮಾಡುವುದು, ಶೇರ್ಡ್ ಹೋಸ್ಟಿಂಗ್ (ಒಂದೇ ಸರ್ವರನ್ನು ಹಲವರು ಹಂಚಿಕೊಳ್ಳುವುದು) ಮೇಲೆ ವರ್ಡ್‌ಪ್ರೆಸ್. ತಿಂಗಳಿಗೆ ನೂರು ಚಿಲ್ಲರೆ ಎಂದು ಕಾಣುವ ಬೆಲೆ ಮೂರು ನಾಲ್ಕು ವರ್ಷ ಒಟ್ಟಿಗೆ ಕಟ್ಟಿದರೆ ಮಾತ್ರ, ನವೀಕರಣದಲ್ಲಿ ಎರಡು ಮೂರು ಪಟ್ಟಾಗುತ್ತದೆ. ಅದಕ್ಕಿಂತ ದೊಡ್ಡ ತೊಂದರೆ, ಅದರ ಪ್ಲಗಿನ್ ಎಂಬ ಸೇರ್ಪಡೆ ತಂತ್ರಾಂಶಗಳನ್ನು ಯಾರಾದರೂ ತಿಂಗಳು ತಿಂಗಳು ಅಪ್‌ಡೇಟ್ ಮಾಡುತ್ತಲೇ ಇರಬೇಕು. ಮಾಡದ ಸೈಟಿಗೆ ನುಗ್ಗಿ ಮಾತ್ರೆ ಮಾರುವ ನೂರಾರು ಕಳ್ಳ ಪುಟ ಸೇರಿಸುತ್ತಾರೆ. ನಿಮ್ಮ ಕಣ್ಣಿಗೆ ಮುಖಪುಟ ಸರಿಯಾಗಿಯೇ ಕಾಣುತ್ತದೆ, ಗೂಗಲ್‌ನಲ್ಲಿ ಹುಡುಕಿದವರಿಗೆ ಮಾತ್ರ ನಿಮ್ಮ ಹೆಸರಿನ ಕೆಳಗೆ ವಯಾಗ್ರ ಕಾಣುತ್ತದೆ. ವೈದ್ಯರ ಸೈಟಿಗೆ ಇದಕ್ಕಿಂತ ದೊಡ್ಡ ಹಾನಿ ಇಲ್ಲ. ಸ್ಥಿರ ಪುಟದಲ್ಲಿ ಹೀಗೆ ನುಗ್ಗಲು ಪ್ಲಗಿನ್ ಇಲ್ಲ, ಅಡ್ಮಿನ್ ಪುಟ ಇಲ್ಲ, ಡೇಟಾಬೇಸ್ ಇಲ್ಲ.

ಕನ್ನಡ ಪುಟ ಕೆಡುವುದು ಎಲ್ಲಿ

ಕ್ಲಿನಿಕ್ಕಿನ ಕರಪತ್ರ, ಬೋರ್ಡು, ಚೀಟಿಯ ಪಠ್ಯವನ್ನು ಡಿಟಿಪಿ ಅಂಗಡಿಯವರು ನುಡಿ ಅಥವಾ ಬರಹದ ಹಳೆಯ ಫಾಂಟಿನಲ್ಲಿ ಮಾಡಿರುತ್ತಾರೆ. ಅದನ್ನು ಹಾಗೇ ನಕಲು ಮಾಡಿ ಪುಟಕ್ಕೆ ಅಂಟಿಸಿದರೆ ಇಂಗ್ಲಿಷ್ ಅಕ್ಷರ, ಆವರಣ, ಪ್ರಶ್ನಾರ್ಥಕಗಳ ರಾಶಿ ಬರುತ್ತದೆ. ಏಕೆಂದರೆ ಆ ಕಡತದಲ್ಲಿ ಇರುವುದು ನಿಜವಾಗಿ ಇಂಗ್ಲಿಷ್ ಸಂಕೇತಗಳೇ, ಫಾಂಟು ಅದರ ಮೇಲೆ ಕನ್ನಡದ ಆಕಾರ ತೊಡಿಸಿರುತ್ತದೆ. ಆ ಫಾಂಟನ್ನೇ ಪುಟಕ್ಕೆ ಹಾಕಿ ಸರಿ ಕಾಣುವಂತೆ ಮಾಡುವವರೂ ಇದ್ದಾರೆ. ಆಗ ಕಣ್ಣಿಗೆ ಕನ್ನಡ ಕಂಡರೂ ಗೂಗಲ್‌ಗೆ ಕಾಣುವುದಿಲ್ಲ, ಯಾರು ಹುಡುಕಿದರೂ ಸಿಗುವುದಿಲ್ಲ. ಪರಿವರ್ತಕ ಬಳಸಿ ಯೂನಿಕೋಡಿಗೆ, ಅಂದರೆ ಫೋನು, ಕಂಪ್ಯೂಟರುಗಳೆಲ್ಲ ಕನ್ನಡವೆಂದೇ ಗುರುತಿಸುವ ಸಂಕೇತಕ್ಕೆ, ತನ್ನಿ. ತಂದ ಮೇಲೆ ಸಾಲು ಸಾಲು ಓದಿ. ಹಳೆಯ ಕಡತದ ಮಧ್ಯೆ ನಿಜವಾದ ಇಂಗ್ಲಿಷ್ ಇದ್ದರೆ, ಅಂದರೆ ಎಂಬಿಬಿಎಸ್ ಎಂಬ ಪದವಿ, ಔಷಧದ ಹೆಸರು ಇತ್ಯಾದಿ, ಅದೂ ಪರಿವರ್ತನೆಯಾಗಿ ಅರ್ಥವಿಲ್ಲದ ಕನ್ನಡವಾಗಿಬಿಡುತ್ತದೆ. ಅರ್ಕಾವೊತ್ತುಗಳೂ ಜಾಗ ತಪ್ಪುತ್ತವೆ. ಸಣ್ಣ ಪಠ್ಯವಾದರೆ ಹೊಸದಾಗಿ ಟೈಪ್ ಮಾಡುವುದೇ ಬೇಗ.

ಸಿದ್ಧ ವಿನ್ಯಾಸಗಳು ಇಂಗ್ಲಿಷಿಗೆ ಮಾಡಿದವು. ಅವುಗಳಲ್ಲಿ ಸಾಲಿನ ಎತ್ತರ ಅಕ್ಷರದ ಗಾತ್ರದ 1.2 ಅಥವಾ 1.3 ಪಟ್ಟು ಇರುವುದುಂಟು. ಕನ್ನಡದ ಒತ್ತಕ್ಷರ ಕೆಳಗೆ ಇಳಿಯುತ್ತದೆ, ಗುಡಿಸು ಮೇಲೆ ಏರುತ್ತದೆ, ಎರಡು ಸಾಲು ಒಂದನ್ನೊಂದು ತಿನ್ನುತ್ತವೆ. 1.6ರಿಂದ 1.7 ಇಡಿಸಿ. ಅಕ್ಷರದ ಗಾತ್ರ 17 ಅಥವಾ 18 ಪಿಕ್ಸೆಲ್ಲಿಗೆ ಕಡಿಮೆ ಬೇಡ, ಓದುವವರಲ್ಲಿ ಚಾಳೀಸು ದಾಟಿದವರು ಹೆಚ್ಚು. ಅಕ್ಷರಗಳ ನಡುವಿನ ಅಂತರವನ್ನು ಸೊನ್ನೆಗೆ ಇಳಿಸಿ. ಫಾಂಟ್ ಬೇರೆ ಹಾಕಬೇಕಾಗಿಯೇ ಇಲ್ಲ: ಆಂಡ್ರಾಯ್ಡ್ ಫೋನುಗಳಲ್ಲಿ ನೋಟೋ ಸಾನ್ಸ್ ಕನ್ನಡ ಈಗಾಗಲೇ ಇದೆ. ಅಂದಕ್ಕಾಗಿ ಇನ್ನೊಂದು ಫಾಂಟ್ ಇಳಿಸಿದರೆ ಪುಟ ಅಷ್ಟು ತಡ. ಪುಟದ ಭಾಷೆ ಕನ್ನಡ ಎಂದು ಕೋಡಿನ ಮೊದಲ ಸಾಲಿನಲ್ಲೇ ಘೋಷಿಸಬೇಕು. ಇಲ್ಲದಿದ್ದರೆ ಕಣ್ಣು ಕಾಣದವರಿಗೆ ಪುಟ ಓದಿ ಹೇಳುವ ತಂತ್ರಾಂಶ ಮುಗ್ಗರಿಸುತ್ತದೆ.

ಅಂಕಿಗಳನ್ನು ಮಾತ್ರ 1, 2, 3 ಎಂದೇ ಬರೆಯಿರಿ. ಕನ್ನಡ ಅಂಕಿಯಲ್ಲಿ ಬರೆದ ಫೋನ್ ನಂಬರನ್ನು ನಕಲು ಮಾಡಿ ಡಯಲ್ ಮಾಡಲು ಹೋದವರಿಗೆ ಕರೆ ಹೋಗದೇ ಇರಬಹುದು. ಸಮಯ, ಫೀಸು, ನಂಬರು ಇವುಗಳನ್ನು ಚಿತ್ರವಾಗಿ, ಪೋಸ್ಟರಾಗಿ ಹಾಕಬೇಡಿ. ಚಿತ್ರದೊಳಗಿನ ನಂಬರನ್ನು ಒತ್ತಿ ಕರೆ ಮಾಡಲಾಗದು, ಗೂಗಲ್ ಅದನ್ನು ಸರಿಯಾಗಿ ಓದದು, ಮುಂದಿನ ವರ್ಷ ಫೀಸು ಬದಲಾದಾಗ ಮತ್ತೆ ಡಿಟಿಪಿ ಅಂಗಡಿಗೆ ಓಡಬೇಕು.

ಕರೆಯ ಗುಂಡಿಯಲ್ಲಿ ನಂಬರು ಪ್ಲಸ್ 91ರಿಂದ ಶುರುವಾಗಲಿ. ಲ್ಯಾಂಡ್‌ಲೈನ್ ಆದರೆ ಎಸ್‌ಟಿಡಿ ಕೋಡಿನ ಸೊನ್ನೆ ಬಿಡಬೇಕು: ಮೈಸೂರಿನ 0821 ಎಂಬುದು ಪ್ಲಸ್ 91 821 ಆಗುತ್ತದೆ. ವಾಟ್ಸ್‌ಆ್ಯಪ್ ಕೊಂಡಿಯಲ್ಲಿ ಮಾತ್ರ ಪ್ಲಸ್ ಇಲ್ಲ, ಸೊನ್ನೆ ಇಲ್ಲ, ಜಾಗವೂ ಇಲ್ಲ, ಬರೀ 91 ಮತ್ತು ಹತ್ತು ಅಂಕಿ. ಈ ಒಂದು ವ್ಯತ್ಯಾಸ ಗೊತ್ತಿಲ್ಲದೆ ಕೆಲಸ ಮಾಡದ ಗುಂಡಿಗಳು ಎಷ್ಟೋ ಕ್ಲಿನಿಕ್ ಪುಟಗಳಲ್ಲಿ ಇವೆ. ವಾಟ್ಸ್‌ಆ್ಯಪ್ ಬಿಸಿನೆಸ್ ಆ್ಯಪ್ ಉಚಿತ, ಲ್ಯಾಂಡ್‌ಲೈನ್ ನಂಬರಿಗೂ ಕರೆಯ ಮೂಲಕ ದೃಢಪಡಿಸಿ ಹಾಕಿಕೊಳ್ಳಬಹುದು. ಸಿಸ್ಟರ ಸ್ವಂತ ನಂಬರನ್ನು ಮಾತ್ರ ಎಂದೂ ಕೊಡಬೇಡಿ. ಅವರು ಕೆಲಸ ಬಿಟ್ಟ ದಿನ ರೋಗಿಗಳ ರಿಪೋರ್ಟುಗಳೆಲ್ಲ ಅವರ ಫೋನಿನಲ್ಲೇ ಹೋಗುತ್ತವೆ.

ಫೋಟೋಗಳು ಮೂರು ಸಾಕು. ಎದುರಿನ ರಸ್ತೆಯಿಂದ ಬೋರ್ಡು ಕಾಣುವಂತೆ ಒಂದು, ಪಕ್ಕದ ಬ್ಯಾಂಕೋ ದೇವಸ್ಥಾನವೋ ಗುರುತಿಗೆ ಅದರಲ್ಲೇ ಬರಲಿ. ಬಾಗಿಲು ಮತ್ತು ಮೆಟ್ಟಿಲು ಒಂದು, ಮಂಡಿ ನೋವಿನವರು ಮೊದಲು ನೋಡುವುದು ಅದನ್ನೇ. ಡಾಕ್ಟರ ಫೋಟೋ ಒಂದು. ಫೋನಿನಿಂದ ನೇರ ಬಂದ ಫೋಟೋ 3ರಿಂದ 5 ಎಂಬಿ ಇರುತ್ತದೆ. ಅದನ್ನು 1200 ಪಿಕ್ಸೆಲ್ ಅಗಲಕ್ಕೆ ಇಳಿಸಿ ವೆಬ್‌ಪಿ ಎಂಬ ಹಗುರ ಚಿತ್ರರೂಪಕ್ಕೆ ಬದಲಿಸಿದರೆ 100ರಿಂದ 150 ಕೆಬಿಗೆ ಬರುತ್ತದೆ. ಸ್ಕ್ವೂಶ್ ಎಂಬ ಉಚಿತ ಸಾಧನ ಇದನ್ನು ಬ್ರೌಸರಿನಲ್ಲೇ ಮಾಡುತ್ತದೆ. ಇಡೀ ಮುಖಪುಟ 500 ಕೆಬಿ ಒಳಗಿರಲಿ. ಗೂಗಲ್‌ನ ಪೇಜ್‌ಸ್ಪೀಡ್ ಇನ್‌ಸೈಟ್ಸ್‌ನಲ್ಲಿ ಪರೀಕ್ಷಿಸಿ, ಮುಖ್ಯ ಭಾಗ ಕಾಣಲು 2.5 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ತಪ್ಪು ಸಾಮಾನ್ಯವಾಗಿ ಫೋಟೋಗಳದ್ದೇ.

ಬರೆಯಬಾರದ್ದು ಮತ್ತು ಕೇಳಬಾರದ್ದು

ಅಲೋಪತಿ ವೈದ್ಯರಿಗೆ ಇಂದಿಗೂ ಅನ್ವಯಿಸುವುದು ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನೀತಿ ನಿಯಮಗಳು. 2023ರ ಆಗಸ್ಟಿನಲ್ಲಿ ಹೊಸ ನಿಯಮ ಬಂದು ಅದೇ ತಿಂಗಳು ಅಮಾನತಾಯಿತು. 2002ರ ನಿಯಮದ ಪ್ರಕಾರ ರೋಗಿಗಳನ್ನು ಸೆಳೆಯುವ ಜಾಹೀರಾತು ಅನೈತಿಕ. ಹೊಸದಾಗಿ ಶುರು ಮಾಡಿದ್ದು, ವಿಳಾಸ ಬದಲಾದದ್ದು, ಕೆಲ ದಿನ ಇರುವುದಿಲ್ಲ ಎಂಬುದು, ಮತ್ತೆ ಬಂದದ್ದು, ಫೀಸು ಎಷ್ಟು ಎಂಬುದು, ಇಂಥವನ್ನು ಪತ್ರಿಕೆಯಲ್ಲಿ ಪ್ರಕಟಿಸಲು ಅವಕಾಶ ಇದೆ. ಬೋರ್ಡಿನಲ್ಲಿ ಹೆಸರು, ಮಾನ್ಯತೆ ಇರುವ ಪದವಿ, ವಿಶೇಷ ವಿಭಾಗ, ನೋಂದಣಿ ಸಂಖ್ಯೆ ಮತ್ತು ರಾಜ್ಯ ಪರಿಷತ್ತಿನ ಹೆಸರು ಇಷ್ಟೇ ಇರಬೇಕು ಎನ್ನುತ್ತದೆ. ವೆಬ್‌ಸೈಟಿಗೂ ಇದೇ ಅಳತೆಗೋಲು ಹಿಡಿಯಿರಿ, ತೊಂದರೆ ಬರುವುದಿಲ್ಲ. ಆ ವಿಭಾಗದಲ್ಲಿ ಪದವಿ ಇಲ್ಲದೆ ತಜ್ಞರು ಎಂದು ಬರೆದುಕೊಳ್ಳುವಂತಿಲ್ಲ. 2020ರ ಮಾರ್ಚಿನ ಟೆಲಿಮೆಡಿಸಿನ್ ಮಾರ್ಗಸೂಚಿಯಂತೂ ವೆಬ್‌ಸೈಟ್, ವಾಟ್ಸ್‌ಆ್ಯಪ್, ಚೀಟಿ ಎಲ್ಲದರಲ್ಲೂ ನೋಂದಣಿ ಸಂಖ್ಯೆ ಇರಬೇಕು ಎಂದು ನೇರವಾಗಿ ಹೇಳಿದೆ. ಪುಟದ ಅಡಿಯಲ್ಲಿ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ ಸಂಖ್ಯೆಯನ್ನೂ ಹಾಕಿ. ದಂತವೈದ್ಯರು, ಆಯುಷ್ ವೈದ್ಯರು ತಮ್ಮ ತಮ್ಮ ಪರಿಷತ್ತಿನ ನಿಯಮ ಓದಿಕೊಳ್ಳಬೇಕು.

"ನೂರಕ್ಕೆ ನೂರು ಗುಣ" ಎಂಬ ಮಾತು ಯಾರ ಪುಟದಲ್ಲೂ ಬೇಡ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯ ಪಟ್ಟಿಯಲ್ಲಿ ಮಧುಮೇಹ, ಕ್ಯಾನ್ಸರ್, ಪಾರ್ಶ್ವವಾಯು, ಬೊಜ್ಜು, ರಕ್ತದೊತ್ತಡ ಎಲ್ಲ ಇವೆ. ಔಷಧದಿಂದ ಇವು ವಾಸಿಯಾಗುತ್ತವೆ ಎಂದು ಜಾಹೀರಾತು ಕೊಡುವುದು ಅಪರಾಧ, ಯಾವ ಪದ್ಧತಿಯ ಔಷಧವೇ ಆಗಲಿ. ಸ್ಕ್ಯಾನಿಂಗ್ ಇರುವ ಕಡೆ ಭ್ರೂಣಲಿಂಗ ಪತ್ತೆಯ ಸುಳಿವು ಕೊಡುವ ಒಂದು ಪದವೂ ಇರಬಾರದು. ಇದನ್ನು ತಡೆಯುವ ಪಿಸಿಪಿಎನ್‌ಡಿಟಿ ಕಾಯ್ದೆಯ 22ನೇ ಸೆಕ್ಷನ್ ಇಂಟರ್ನೆಟ್ಟನ್ನೂ ಒಳಗೊಂಡಿದೆ. ಚಿಕಿತ್ಸೆಗೆ ಮುಂಚೆ, ಆಮೇಲೆ ಎಂಬ ಜೋಡಿ ಫೋಟೋ, ರೋಗಿಯ ಮೆಚ್ಚುಗೆಯ ವಿಡಿಯೋ ಹಾಕುವ ಆಸೆಯನ್ನು ಬಿಟ್ಟುಬಿಡಿ. ರೋಗಿ ಒಪ್ಪಿದರೂ ಅದು ಸೆಳೆಯುವ ಜಾಹೀರಾತೇ ಆಗುತ್ತದೆ.

ಈಗ ಕೇಳಬಾರದ್ದು. ಬುಕಿಂಗ್ ಫಾರಂ ಹಾಕಿದರೆ ಹೆಸರು, ಫೋನ್, ಬೇಕಾದ ಹೊತ್ತು, ಈ ಮೂರೇ ಕೇಳಿ. "ತೊಂದರೆ ಏನು" ಎಂಬ ಪಟ್ಟಿಗೆ ಇಟ್ಟ ಕ್ಷಣ ನೀವು ಆರೋಗ್ಯದ ಮಾಹಿತಿ ಕೂಡಿಡಲು ಶುರು ಮಾಡಿದಿರಿ. ಗೂಗಲ್ ಫಾರಂನ ಉತ್ತರಗಳು ಶೀಟಿಗೆ ಹೋಗುತ್ತವೆ, ಶೀಟನ್ನು ಸಿಬ್ಬಂದಿಗೆ ತೋರಿಸಲು "ಲಿಂಕ್ ಇರುವ ಯಾರಾದರೂ" ಎಂದು ಹಂಚಿಕೊಳ್ಳುತ್ತಾರೆ, ಆ ಲಿಂಕ್ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಸುತ್ತುತ್ತದೆ. ಸೋರಿಕೆ ಹೀಗೆಯೇ ಆಗುವುದು, ಹ್ಯಾಕರ್ ಬೇಕಾಗಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹಂತ ಹಂತವಾಗಿ ಜಾರಿಗೆ ಬರುತ್ತಿದೆ. ಯಾವ ಮಾಹಿತಿ, ಯಾತಕ್ಕೆ ಎಂಬ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಎಂಟನೇ ಅನುಸೂಚಿಯ ಭಾಷೆಗಳಲ್ಲಿ ಓದುವ ಆಯ್ಕೆ ಜನರಿಗೆ ಇರಬೇಕು ಎನ್ನುತ್ತದೆ ಅದು. ಫಾರಂ ಮೇಲೆಯೇ ಕನ್ನಡದಲ್ಲಿ ಬರೆಯಿರಿ: "ನಿಮ್ಮ ಹೆಸರು ಮತ್ತು ಫೋನ್ ನಂಬರನ್ನು ಟೋಕನ್ ಕೊಡಲು ಮಾತ್ರ ಬಳಸುತ್ತೇವೆ, ವಾರದೊಳಗೆ ಅಳಿಸುತ್ತೇವೆ." ಬರೆದ ಮೇಲೆ ಅಳಿಸಿ.

ಫೇಸ್‌ಬುಕ್ ಪಿಕ್ಸೆಲ್‌ನಂಥ ಜಾಡು ಹಿಡಿಯುವ ಕೋಡ್ ಆರೋಗ್ಯದ ಪುಟದಲ್ಲಿ ಇರಲೇಬಾರದು. ಅಮೆರಿಕದಲ್ಲಿ ಗುಡ್‌ಆರ್‌ಎಕ್ಸ್ ಎಂಬ ಕಂಪನಿ ಹೀಗೆ ಬಳಕೆದಾರರ ಆರೋಗ್ಯ ಮಾಹಿತಿಯನ್ನು ಜಾಹೀರಾತು ಕಂಪನಿಗಳಿಗೆ ಕೊಟ್ಟದ್ದಕ್ಕೆ 2023ರಲ್ಲಿ 15 ಲಕ್ಷ ಡಾಲರ್ ದಂಡ ತೆತ್ತಿತು. ಜನ ಏನು ಹುಡುಕಿ ಬಂದರು ಎಂದು ತಿಳಿಯಲು ಗೂಗಲ್ ಸರ್ಚ್ ಕನ್ಸೋಲ್ ಸಾಕು, ಅದು ಉಚಿತ.

ಲೆಕ್ಕ

ಡೊಮೇನ್ ಐದು ವರ್ಷಕ್ಕೆ 3,500ರಿಂದ 5,000. ಹೋಸ್ಟಿಂಗ್, ಪ್ರಮಾಣಪತ್ರ, ಗೂಗಲ್ ಪ್ರೊಫೈಲ್ ಸೊನ್ನೆ. ಡೊಮೇನಿನ ಹೆಸರಿನಲ್ಲೇ ಇಮೇಲ್ ಬೇಕೆಂದರೆ ಜೋಹೋದಲ್ಲಿ ಐದು ಜನರವರೆಗೆ ಉಚಿತ ಯೋಜನೆ ಇದೆ, ಜಿಮೇಲ್ ಇದ್ದರೂ ನಷ್ಟವಿಲ್ಲ. ನಾಲ್ಕು ಪುಟ ಮಾಡಿಕೊಡುವವರಿಗೆ ಸಣ್ಣ ಊರಿನಲ್ಲಿ 6,000ದಿಂದ 15,000. ಉಳಿದ ಹಣವಿದ್ದರೆ ಕನ್ನಡ ಪಠ್ಯವನ್ನು ಚೆನ್ನಾಗಿ ಬರೆಯಬಲ್ಲ ಒಬ್ಬರಿಗೆ ಕೊಡಿ. ಕೊನೆಯ ಕಂತು ಕೊಡುವ ಮುಂಚೆ ನೀವೇ ರಿಜಿಸ್ಟ್ರಾರ್ ಖಾತೆಗೆ ಲಾಗಿನ್ ಆಗಿ ಮುಕ್ತಾಯದ ದಿನಾಂಕ ಓದಿ, ಪುಟದ ಎಲ್ಲ ಕಡತಗಳನ್ನು ಪೆನ್‌ಡ್ರೈವಿನಲ್ಲಿ ಪಡೆಯಿರಿ. "ವಾರ್ಷಿಕ ನಿರ್ವಹಣೆ" ಎಂದು ಕೇಳಿದರೆ ಏನೇನು ಮಾಡುತ್ತೀರಿ ಎಂದು ಬರೆದು ಕೊಡಲು ಹೇಳಿ. ಸ್ಥಿರ ಪುಟಕ್ಕೆ ಹೆಚ್ಚೇನೂ ಇರುವುದಿಲ್ಲ, ಪ್ರತಿ ತಿದ್ದುಪಡಿಗೆ ಇಷ್ಟು ಎಂದು ಮಾತಾಡಿಕೊಳ್ಳುವುದು ಇಬ್ಬರಿಗೂ ನ್ಯಾಯ.

ಸಭಿಕರ ಪ್ರಶ್ನೆಗಳು

ರೋಗಗಳ ಬಗ್ಗೆ ಲೇಖನಗಳನ್ನು ಎಐನಿಂದ ಬರೆಸಿ ಹಾಕಿದರೆ ಗೂಗಲ್‌ನಲ್ಲಿ ಮೇಲೆ ಬರುತ್ತದೆಯೇ?

ಬೇಡ. ಡೆಂಗಿ ಎಂದರೇನು ಎಂದು ತಿಳಿಯಲು ಯಾರೂ ನಿಮ್ಮ ಪುಟಕ್ಕೆ ಬರುವುದಿಲ್ಲ, ಅದರಲ್ಲಿ ಒಂದು ಡೋಸು ತಪ್ಪಾಗಿದ್ದರೆ ಹೊಣೆ ನಿಮ್ಮ ನೋಂದಣಿ ಸಂಖ್ಯೆಯ ಮೇಲೆ. ನಿಮ್ಮಲ್ಲಿಗೆ ಬರುವವರಿಗೇ ಬೇಕಾದದ್ದನ್ನು ಬರೆಯಿರಿ: ಹಲ್ಲು ಕಿತ್ತ ದಿನ ಏನು ತಿನ್ನಬೇಕು, ಯಾವ ಲಕ್ಷಣ ಕಂಡರೆ ಕಾಯದೆ ಬರಬೇಕು, ಲಸಿಕೆಗೆ ಮಗುವನ್ನು ತರುವಾಗ ತಾಯಿ ಕಾರ್ಡು ತನ್ನಿ ಎಂಬುದು. ತುರ್ತಿಗೆ ವಾಟ್ಸ್‌ಆ್ಯಪ್ ಮಾಡಬೇಡಿ, 108ಕ್ಕೆ ಕರೆ ಮಾಡಿ ಎಂಬ ಸಾಲು ಪ್ರತಿ ಪುಟದಲ್ಲೂ ಇರಲಿ.

ಕನ್ನಡದಲ್ಲೇ ಡೊಮೇನ್ ತೆಗೆದುಕೊಳ್ಳಬಹುದೇ?

ಡಾಟ್ ಭಾರತ ಕನ್ನಡ ಲಿಪಿಯಲ್ಲೇ ಸಿಗುತ್ತದೆ. ಎರಡನೆಯದಾಗಿ ಇಟ್ಟುಕೊಂಡು ಮುಖ್ಯ ಪುಟಕ್ಕೆ ತಿರುಗಿಸಿ. ಅದೊಂದನ್ನೇ ನೆಚ್ಚಿಕೊಳ್ಳಬೇಡಿ: ಕೆಲವು ಆ್ಯಪ್‌ಗಳಲ್ಲಿ ಅಂಥ ವಿಳಾಸ ಒತ್ತುವ ಕೊಂಡಿಯಾಗದೆ ಬರೀ ಅಕ್ಷರವಾಗಿ ಉಳಿಯುತ್ತದೆ, ಅನೇಕ ಇಮೇಲ್ ಫಾರಂಗಳು ಅದನ್ನು ಒಪ್ಪುವುದಿಲ್ಲ.

ಕ್ಲಿನಿಕ್ಕನ್ನು ಬೇರೆ ರಸ್ತೆಗೆ ಸ್ಥಳಾಂತರಿಸುತ್ತಿದ್ದೇವೆ. ಎಲ್ಲ ಹೊಸದಾಗಿ ಮಾಡಬೇಕೇ?

ಬೇಡವೇ ಬೇಡ. ಹೊಸ ಪ್ರೊಫೈಲ್ ಮಾಡಿದರೆ ಹಳೆಯ ವಿಮರ್ಶೆಗಳು ಹೋಗುತ್ತವೆ. ಇರುವ ಪ್ರೊಫೈಲಿನಲ್ಲೇ ವಿಳಾಸ ತಿದ್ದಿ, ಗೂಗಲ್ ಮತ್ತೊಮ್ಮೆ ವಿಡಿಯೋ ಕೇಳಬಹುದು, ಆದ್ದರಿಂದ ಹೊಸ ಬೋರ್ಡು ಹಾಕಿದ ಮೇಲೆ ತಿದ್ದಿ. ವಿಳಾಸ, ಸಮಯ, ನಂಬರು ಯಾವುದು ಬದಲಾದರೂ ನಾಲ್ಕು ಕಡೆ ತಿದ್ದಬೇಕು: ಗೂಗಲ್ ಪ್ರೊಫೈಲ್, ವೆಬ್‌ಸೈಟಿನ ಎರಡೂ ಭಾಷೆ, ವಾಟ್ಸ್‌ಆ್ಯಪ್ ಬಿಸಿನೆಸ್ ಪ್ರೊಫೈಲ್, ಹಳೆಯ ಬಾಗಿಲಿನ ಮೇಲಿನ ಚೀಟಿ. ಸಾಮಾನ್ಯವಾಗಿ ಉಳಿದುಹೋಗುವುದು ಇಂಗ್ಲಿಷ್ ಪುಟ. ವೆಬ್‌ಸೈಟಿನ ಮೇಲ್ಭಾಗದಲ್ಲಿ ಹಳೆಯ ಜಾಗದಿಂದ ಹೊಸ ಜಾಗಕ್ಕೆ ನಡೆದು ಬರುವ ದಾರಿಯನ್ನು ಎರಡು ಸಾಲಿನಲ್ಲಿ ಬರೆದು ಆರು ತಿಂಗಳು ಬಿಡಿ. ವಿಳಾಸ ಬದಲಾವಣೆ ಪ್ರಕಟಿಸಲು 2002ರ ನಿಯಮದಲ್ಲೇ ಅವಕಾಶ ಇದೆ, ಹಾಗಾಗಿ ಊರಿನ ಪತ್ರಿಕೆಯಲ್ಲೂ ಧಾರಾಳವಾಗಿ ಕೊಡಬಹುದು. ಹಳೆಯ ಬಾಗಿಲಿನ ಚೀಟಿಯಲ್ಲಿ ಮ್ಯಾಪಿನ ಕ್ಯೂಆರ್ ಜೊತೆಗೆ ಫೋನ್ ನಂಬರನ್ನೂ ದಪ್ಪ ಅಕ್ಷರದಲ್ಲಿ ಬರೆಯಿರಿ, ಕೀಪ್ಯಾಡ್ ಫೋನಿನವರು ಇನ್ನೂ ಇದ್ದಾರೆ.